ವಾರಗಿತ್ತಿಗೆ ಮಾರಿದ ನೂರು ಷೇರು

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ನಂಬಿ ಮೋಸಹೋಗುವುದು ಬೇಡ. ಅವಳು ನನ್ನ ಮೈದುನನ ಹೆಂಡತಿ, ನನಗಿಂತ ಆರು ವರ್ಷ ಚಿಕ್ಕವಳು, ಓದಿದ್ದು ಏಳನೇ ಕ್ಲಾಸು. ನಾನು ಹುಣಸೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಡಂ. ಅವಳು ಮನೆಗೆ ಬಂದ ಹೊಸದರಲ್ಲಿ ನನಗಿದ್ದದ್ದು ಹೊಟ್ಟೆಕಿಚ್ಚಲ್ಲ, ಕನಿಕರ. ಮೈದುನನ ಹನಗೋಡಿನ ಹೊಲದಲ್ಲಿ ಹೊಗೆಸೊಪ್ಪಿನ ಅಂಟು ಮೆತ್ತಿ ಕಪ್ಪಾದ ಅವಳ ಬೆರಳು ನೋಡಿ, ಪಾಪ, ಅಂದುಕೊಳ್ಳುತ್ತಿದ್ದೆ. ಆ ಕನಿಕರ ಎಷ್ಟು ಸುಖವಾಗಿತ್ತು ಅಂತ ಈಗ ಅನ್ನಿಸುತ್ತದೆ.

ಹೊಗೆಸೊಪ್ಪಿನ ವಿಷಯದಲ್ಲಿ ಅವಳು ಗಟ್ಟಿಗಿತ್ತಿ ಅಂತ ಊರೇ ಹೇಳುತ್ತಿತ್ತು. ಬ್ಯಾರನ್ ಅನ್ನುವ ಒಲೆಮನೆಯ ಬಿಸಿಯಲ್ಲಿ ಹದಮಾಡಿದ ಎಲೆಯನ್ನು ಬಣ್ಣ ನೋಡಿ ವಿಂಗಡಿಸಿ, ದೊಡ್ಡ ಪಿಂಡಿಯಾಗಿ ಬೇಲು ಕಟ್ಟಿ ಹರಾಜು ಕಟ್ಟೆಗೆ ಒಯ್ಯುತ್ತಾರೆ. ಕೆಲವರು ಬೇಲಿನ ಹೊರಗಡೆ ನಿಂಬೆಹಣ್ಣಿನ ಬಣ್ಣದ ಎಲೆ ಜೋಡಿಸಿ, ನಡುವೆ ಕರಿಕಲು ತುರುಕುವುದೂ ಉಂಟು. ಅದಕ್ಕೇ ಬಲ್ಲವರು ಹೊರಗಿನದನ್ನು ನೋಡುವುದಿಲ್ಲ. ಮೊಣಕೈವರೆಗೆ ಬೇಲಿನೊಳಗೆ ಕೈ ತೂರಿಸಿ ನಡುವಿನಿಂದ ಒಂದು ಹಿಡಿ ಎಳೆದು ನೋಡುತ್ತಾರೆ. ಅವಳಂತೂ ತನ್ನ ಗಂಡ ಕಟ್ಟಿದ ಬೇಲಿನೊಳಗೂ ಕೈ ತೂರಿಸದೆ ಬಿಟ್ಟವಳಲ್ಲ. ಹರಾಜಿನಲ್ಲಿ ಬೆಲೆ ಕಡಿಮೆ ಕೂಗಿದರೆ ಬೇರೆಯವರು ಗೊಣಗಿಕೊಂಡು ಕೊಟ್ಟು ಬರುತ್ತಿದ್ದರು. ಇವಳು ಮೈದುನನ ಬಾಯಲ್ಲಿ ಒಲ್ಲೆ ಅನ್ನಿಸಿ ಬೇಲನ್ನು ವಾಪಸ್ ಮನೆಗೆ ತರಿಸುತ್ತಿದ್ದಳು.

"ಅವ್ರು ಕೂಗಿದ್ದು ಇವತ್ತಿನ ಅವ್ರ ಮನಸಿನ ಬೆಲೆ ಕಣಕ್ಕ. ಸೊಪ್ಪಿನ ಬೆಲೆ ಸೊಪ್ಪಲ್ಲೇ ಅದೆ" ಎನ್ನುತ್ತಿದ್ದಳು.

ಹಳ್ಳಿಯವಳ ಹಟ ಅಂತ ನಾನು ನಕ್ಕುಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಗೆ ನಮ್ಮ ಸ್ಟಾಫ್ ರೂಮಿಗೆ ಷೇರಿನ ಹುಚ್ಚು ಹಿಡಿಯಿತು. ಇಂಗ್ಲಿಷ್ ಪೇಪರಿನ ಷೇರು ಪುಟಕ್ಕೆ ಕಿತ್ತಾಟ. ಕಂಪ್ಯೂಟರ್ ಅನ್ನುವ ಪದ ಯಾವ ಕಂಪನಿಯ ಪಕ್ಕದಲ್ಲಿದ್ದರೂ ಅದರ ಬೆಲೆ ದಿನ ಬೆಳಗಾದರೆ ಮೇಲೆ. ಪಿ.ಟಿ. ಮೇಷ್ಟ್ರು ಕೂಡ ವಿಷಲ್ ಊದುವುದು ಬಿಟ್ಟು ಅದನ್ನೇ ಮಾತಾಡುತ್ತಿದ್ದರು. ನಾನು ಸೊಸೈಟಿಯಲ್ಲಿ ಕೂಡಿಟ್ಟಿದ್ದ ಹಣವನ್ನೆಲ್ಲ ತೆಗೆದು, ಮೈಸೂರಿನ ಬ್ರೋಕರ್ ಒಬ್ಬರ ಮೂಲಕ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯ ನೂರು ಷೇರು ಕೊಂಡೆ. ಆ ಗಟ್ಟಿ ಕಾಗದದ ಸರ್ಟಿಫಿಕೇಟಿನಲ್ಲಿ ನನ್ನ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿದ್ದು ನೋಡಿ ಎಷ್ಟು ಹಿಗ್ಗಿದೆನೆಂದರೆ, ಅದನ್ನು ಬ್ಯಾಗಿಗೆ ಹಾಕಿಕೊಂಡು ಹನಗೋಡಿಗೆ ಹೋಗಿ ತೋರಿಸಿ ಬಂದೆ.

ವಾರಗಿತ್ತಿ ಕೈ ಒರೆಸಿಕೊಂಡು, ಮುಟ್ಟದೆ ನೋಡಿದಳು. "ಈ ಕಂಪ್ನಿ ಏನ್ ಮಾಡ್ತದಕ್ಕ?"

"ಕಂಪ್ಯೂಟರ್" ಎಂದೆ.

"ಕಂಪ್ಯೂಟರ್‍ನೇ ಮಾಡ್ತದಾ, ಕಂಪ್ಯೂಟರ್‍ಗೆ ಏನಾರ ಮಾಡ್ತದಾ?"

ನನಗೆ ಗೊತ್ತಿರಲಿಲ್ಲ. ನಿನಗೆ ಹೇಳಿದರೆ ಅರ್ಥವಾಗಲ್ಲ ಬಿಡು ಎಂದೆ. ಗೊತ್ತಿಲ್ಲದಾಗ ಮಕ್ಕಳಿಗೂ ನಾನು ಹಾಗೇ ಹೇಳುತ್ತಿದ್ದೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಏರಿದ್ದಕ್ಕಿಂತ ಜೋರಾಗಿ ಬಿತ್ತು. ನಾನು ಕೊಟ್ಟ ಬೆಲೆಯ ಹತ್ತನೇ ಒಂದು ಭಾಗವೂ ಉಳಿಯಲಿಲ್ಲ. ಸ್ಟಾಫ್ ರೂಮಿನಲ್ಲಿ ಷೇರು ಪುಟವನ್ನು ಯಾರೂ ಮುಟ್ಟುತ್ತಿರಲಿಲ್ಲ, ಅದರಲ್ಲಿ ಬೋಂಡ ಕಟ್ಟಿಕೊಡಲು ಕ್ಯಾಂಟೀನಿಗೆ ಕಳಿಸುತ್ತಿದ್ದೆವು. ಎಲ್ಲೆಲ್ಲಿ ಮಾತು ಷೇರಿನ ಕಡೆ ತಿರುಗುತ್ತದೋ ಅಲ್ಲಿಂದ ನಾನು ಎದ್ದು ಹೋಗುತ್ತಿದ್ದೆ. ಮನೆಯಲ್ಲಿ ಯಜಮಾನರು ಏನೂ ಅನ್ನಲಿಲ್ಲ. ಅಂದಿದ್ದರೆ ಒಂದು ಜಗಳವಾಡಿ ಹಗುರಾಗುತ್ತಿದ್ದೆ.

ಆ ಮಳೆಗಾಲ ಕಂಪನಿಯ ವಾರ್ಷಿಕ ವರದಿ ಅಂಚೆಯಲ್ಲಿ ಬಂತು. ಮಗಳ ನೋಟ್‌ಬುಕ್ಕಿಗೆ ಬೈಂಡು ಹಾಕಲು ಅದರ ನುಣುಪು ಹಾಳೆ ಚೆನ್ನಾಗಿರುತ್ತದೆಂದು ಎತ್ತಿಟ್ಟೆ. ಮಗಳನ್ನು ಕರೆದುಕೊಂಡು ಹನಗೋಡಿಗೆ ಹೋದಾಗ ಅದೂ ಚೀಲದಲ್ಲಿತ್ತು. ವಾರಗಿತ್ತಿ ಬ್ಯಾರನ್ನಿನ ಪಕ್ಕದ ಜಗುಲಿಯಲ್ಲಿ ಕೂತು ಮೊದಲ ಕೊಯ್ಲಿನ ಎಲೆ ವಿಂಗಡಿಸುತ್ತಿದ್ದಳು. ಪುಸ್ತಕ ನೋಡಿ ಕೈಗೆ ತೆಗೆದುಕೊಂಡಳು. ಮೊದಲ ಪುಟಗಳಲ್ಲಿ ಗಾಜಿನ ಕಟ್ಟಡ, ನಗುವ ಹುಡುಗ ಹುಡುಗಿಯರು, ಟೈ ಕಟ್ಟಿದ ಯಜಮಾನ. ಅವನ್ನೆಲ್ಲ ಬೆರಳಲ್ಲಿ ಒಟ್ಟಿಗೆ ಹಿಡಿದು ತಿರುವಿಹಾಕಿ, ಸರಿಯಾಗಿ ನಡುವೆ ಬಿಚ್ಚಿದಳು. ಅಲ್ಲಿ ಬರೀ ಅಂಕಿಗಳಿದ್ದವು.

"ಇದ್ನ ಓದಿ ಯೋಳಿ ಅಕ್ಕ."

ಓದಿ ಹೇಳಿದೆ. ಬೇರೆ ಕೆಲಸವೂ ಇರಲಿಲ್ಲ, ಮಳೆ ಹಿಡಿದಿತ್ತು. ಅವಳು ಎಲೆ ವಿಂಗಡಿಸುತ್ತಲೇ ಕೇಳಿದಳು. ಈ ಕಂಪನಿ ಬ್ಯಾಂಕುಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತದೆ ಅನ್ನುವುದು ನನಗೂ ಅವತ್ತೇ ಗೊತ್ತಾಗಿದ್ದು.

"ಬ್ಯಾಂಕ್ನೋರು ಒಂದ್ಸಲ ಎಲ್ಲಾ ಲೆಕ್ಕನೂ ಇದ್ರಾಗೆ ತುಂಬುದ್ ಮ್ಯಾಕೆ ಬುಟ್ಟು ಬ್ಯಾರೆ ತಾವ್ಕೆ ಓಯ್ತಾರಾ?"

"ಅಷ್ಟು ಸುಲಭ ಅಲ್ಲ. ಎಲ್ಲ ಕಿತ್ತು ಮತ್ತೆ ಹಾಕಬೇಕಾಗುತ್ತೆ."

"ಈ ಕೆಟ್ಟ ವರ್ಸದಲ್ಲಿ ಗಿರಾಕಿ ಬುಟ್ಟೋದ್ರಾ?"

ಹುಡುಕಿದೆ. ನಾಲ್ಕು ಬ್ಯಾಂಕು ಹೊಸದಾಗಿ ಸೇರಿದ್ದವು.

"ಸಾಲ ಎಷ್ಟದೆ? ಎಲ್ಲದೆ ತೋರ್ಸಿ."

ತೋರಿಸಿದೆ. ಅಂಕಿ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ಅಡ್ಡಗೆರೆ. ಗೆರೆ ಅಂದರೆ ಏನೂ ಇಲ್ಲ ಅಂತ ಅರ್ಥ ಎಂದೆ. ಈ ಕಾಲಂ ಈ ವರ್ಷದ್ದು, ಪಕ್ಕದ ಕಾಲಂ ಹೋದ ವರ್ಷದ್ದು, ಹೋಲಿಸಿ ನೋಡಲಿ ಅಂತ ಎರಡನ್ನೂ ಅಚ್ಚು ಹಾಕಿರುತ್ತಾರೆ ಅಂತಲೂ ಕ್ಲಾಸಿನಲ್ಲಿ ಹೇಳುವ ಹಾಗೆ ಹೇಳಿಕೊಟ್ಟೆ. ಎರಡರಲ್ಲೂ ಗೆರೆಯೇ ಇತ್ತು. ಅವಳು ಅಂಟಿನ ಬೆರಳನ್ನು ಸೆರಗಿಗೆ ಒರೆಸಿ ಆ ಗೆರೆಯ ಮೇಲೆ ಇಟ್ಟು ನೋಡಿದಳು. ಆಮೇಲೆ ಬ್ಯಾಂಕಿನಲ್ಲಿ ಕಂಪನಿ ಇಟ್ಟಿರುವ ಹಣವನ್ನು ಒಟ್ಟು ಷೇರಿಗೆ ಹಂಚಿದರೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿಸಿದಳು. ಷೇರಿನ ಅವತ್ತಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಬಂತು.

"ಅಂದ್ರೆ ಆ ದುಡ್ಡು ಕಳುದ್ರೆ ಕಂಪ್ನಿ ಅರ್ಧ ಬೆಲೆಗೂ ಕಮ್ಮಿಗೆ ಸಿಕ್ತಾ ಅದೆ, ಗಿರಾಕಿ ಆಳು ಕಾಳು ಎಲ್ಲಾ ಸೇರಿ. ಮಾರ್ಬ್ಯಾಡಿ ಅಕ್ಕ ನೀವು. ಇದು ಕಟ್ಟೆಯಿಂದ ವಾಪಸ್ ತರೋ ಬೇಲು ಕಣಿ."

ಅದೇ ತಪ್ಪಾಯಿತು. ಹೊಗೆಸೊಪ್ಪಿನವಳ ಬಾಯಲ್ಲಿ ನಾನು ಬುದ್ಧಿ ಹೇಳಿಸಿಕೊಳ್ಳಬೇಕಾ ಅಂತ ಸಿಟ್ಟು ನೆತ್ತಿಗೇರಿತು. "ಅಷ್ಟು ಚೆನ್ನಾಗಿದ್ದರೆ ನೀನೇ ತಗೋ" ಎಂದೆ. ಅವಳು ಎರಡು ಸಲ ಬೇಡ ಅಂದಳು. ಮೂರನೇ ಸಲ ಸುಮ್ಮನೆ ಒಳಗೆ ಹೋಗಿ ಹಣ ತಂದಳು, ಅವತ್ತಿನ ಬೆಲೆಗೆ, ಒಂದು ರೂಪಾಯಿ ಚೌಕಾಸಿ ಮಾಡದೆ. ಮುಂದಿನ ವಾರ ವರ್ಗಾವಣೆ ಫಾರಂ ತಂದು ಸಹಿ ಹಾಕಿದೆ. ಬಸ್ಸಿನಲ್ಲಿ ವಾಪಸ್ ಬರುವಾಗ, ಒಳ್ಳೇ ತಲೆಗೆ ಕಟ್ಟಿದೆ ಅಂತ ಒಳಗೊಳಗೇ ನಗು. ಸುಳ್ಳು ಯಾಕೆ, ಅವತ್ತು ರಾತ್ರಿ ಪಾಯಸ ಮಾಡಿದ್ದೆ.

ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಏರತೊಡಗಿತು. ಒಂದಕ್ಕೊಂದು ಬೋನಸ್ ಕೊಟ್ಟರು, ನೂರು ಇನ್ನೂರಾಯಿತು. ನಾನು ಅವಳಿಗೆ ಮಾರಿದ ಬೆಲೆ ದಾಟಿ, ನಾನು ಮೊದಲು ಕೊಂಡ ಬೆಲೆಯನ್ನೂ ದಾಟಿತು. ಸ್ಟಾಫ್ ರೂಮಿನಲ್ಲಿ ಪೇಪರ್ ಬಂದರೆ ನಾನೇ ಮೊದಲು ಎಗರುತ್ತಿದ್ದೆ. ಬೆಲೆ ಒಂದು ದಿನ ಇಳಿದರೆ ಅವತ್ತು ಮಕ್ಕಳಿಗೆ ಹೋಂವರ್ಕ್ ಕಡಿಮೆ. ಏರಿದ ದಿನ ಯಜಮಾನರಿಗೆ ಸಾರಿನಲ್ಲಿ ಉಪ್ಪು ಜಾಸ್ತಿ.

ಅವಳಾದರೂ ಮೆರೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದು ಸರ ಮಾಡಿಸಿಕೊಂಡಿದ್ದರೆ, ಪಿರಿಯಾಪಟ್ಟಣದ ನೆಂಟರ ಮದುವೆಯಲ್ಲಿ ಕತ್ತು ಎತ್ತಿ ಓಡಾಡಿದ್ದರೆ, ನೋಡಿ ದುಡ್ಡು ಬಂದ ಮೇಲೆ ಹೇಗಾಡುತ್ತಾಳೆ ಅಂತ ನಾಲ್ಕು ಜನರ ಹತ್ತಿರ ಮೂಗು ಮುರಿಯಬಹುದಿತ್ತು. ಅವಳು ಮಾರಲೂ ಇಲ್ಲ, ಮಾತಾಡಲೂ ಇಲ್ಲ. ಅದೇ ಹಸಿರು ವಾಯಿಲ್ ಸೀರೆ, ಅದೇ ಕಪ್ಪು ಬೆರಳು. ಎಷ್ಟಾಯಿತು ಗೊತ್ತಾ ನಿನ್ನ ಷೇರು ಅಂತ ನಾನೇ ತಡೆಯಲಾರದೆ ಕೇಳಿದರೆ, "ಎಷ್ಟಾದ್ರೇನಕ್ಕ, ನಾನೇನ್ ಇವತ್ತು ಕಟ್ಟೆಗೆ ಓಯ್ತೀನಾ" ಅಂದುಬಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಆದರೆ ಅವಳಿಗೆ ನಾನು ಬೇಕಿತ್ತು. ವರದಿ ಈಗ ಅವಳ ಹೆಸರಿಗೆ ಹನಗೋಡಿಗೆ ಬರುತ್ತಿತ್ತು, ಇಂಗ್ಲಿಷಿನಲ್ಲಿ. ಪ್ರತಿ ಮಳೆಗಾಲ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಎಳೆ ಬಿದಿರಿನ ಕಳಲೆ ಹಿಡಿದು ಹುಣಸೂರಿಗೆ ಬರುತ್ತಿದ್ದಳು. ಕಳಲೆಯನ್ನು ಹೆಚ್ಚಿ ಮೂರು ದಿನ ನೀರಲ್ಲಿ ನೆನೆಸಿಯೇ ತರುತ್ತಿದ್ದಳು, ನನಗೆ ಸ್ಕೂಲಿನ ಗಡಿಬಿಡಿ ಅಂತ. ನಾನು ಓದುವುದು, ಅವಳು ಕೇಳುವುದು. ಗಿರಾಕಿ ಎಷ್ಟು, ಬ್ಯಾಂಕಲ್ಲಿ ಎಷ್ಟು, ಸಾಲ ಎಷ್ಟು. ಒಂದು ಪದ ಬಿಡದೆ ಓದಿದವಳು ನಾನು, ಅದರಿಂದ ಏನಾದರೂ ಪಡೆದವಳು ಅವಳು. ನನ್ನದಾಗಿದ್ದ ಷೇರಿನ ಒಳ್ಳೆಯ ಸುದ್ದಿಯನ್ನು ನನ್ನ ಬಾಯಲ್ಲೇ ಅವಳಿಗೆ ಹೇಳಬೇಕು. ಹೀಗೆ ಮೂರು ವರ್ಷ ಹೇಳಿದೆ.

ನಾಲ್ಕನೇ ವರ್ಷ ಸುಳ್ಳು ಹೇಳಿದೆ.

ಮೊದಲೇ ಯೋಚಿಸಿ ಹೇಳಿದ್ದಲ್ಲ. ಅವತ್ತು ಪೇಪರಿನಲ್ಲಿ ಆ ಷೇರಿನ ಬೆಲೆ ನೋಡಿ, ಅದನ್ನು ಇನ್ನೂರರಿಂದ ಗುಣಿಸಿ, ನನ್ನ ಸಂಬಳದಿಂದ ಭಾಗಿಸಿ ನೋಡಿದ್ದೆ. ಮೋಡ ಕವಿದಿತ್ತು, ಕರೆಂಟ್ ಇರಲಿಲ್ಲ. ನಾನು ವರದಿಯನ್ನು ಕಿಟಕಿಯ ಹತ್ತಿರ ನನ್ನ ಕಡೆಗೇ ತಿರುಗಿಸಿ ಹಿಡಿದಿದ್ದೆ. "ಸಾಲ ಎಷ್ಟಕ್ಕ?" ಅಂತ ಅವಳು ಕೇಳಿದಳು. ಎದುರಿಗೆ ಅದೇ ಅಡ್ಡಗೆರೆ ಇತ್ತು.

"ತುಂಬಾ ಮಾಡಿಬಿಟ್ಟಿದ್ದಾರೆ ಕಣೇ ಈ ಸಲ" ಎಂದೆ. ನನ್ನ ದನಿ ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ. "ದೊಡ್ಡ ದೊಡ್ಡ ಗಿರಾಕಿಗಳೂ ಬಿಟ್ಟುಹೋಗಿದ್ದಾರೆ. ಹೊರಗೆ ಇನ್ನೂ ಯಾರಿಗೂ ತಿಳಿದಿಲ್ಲ, ಅದಕ್ಕೇ ಬೆಲೆ ನಿಂತಿದೆ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

"ನಾನು ಕೊಟ್ಟ ಷೇರಿನಿಂದ ನಿನಗೆ ನಷ್ಟ ಆಗೋದು ಬೇಡ. ಅವತ್ತು ಕೊಟ್ಟ ಬೆಲೆಯ ಮೇಲೆ ಬಡ್ಡಿ ಸೇರಿಸಿ ಕೊಡ್ತೀನಿ, ವಾಪಸ್ ನನ್ನ ಹೆಸರಿಗೆ ಮಾಡಿಬಿಡು. ಏನಾದರೂ ಆದರೆ ನನ್ನ ತಲೆ ಮೇಲಿರಲಿ."

ಅವಳು ನನ್ನ ಮುಖ ನೋಡಿದಳು. ಬೇಲಿನ ಮುಂದೆ ನಿಂತಾಗ ಹೇಗೆ ನೋಡುತ್ತಾಳೋ ಹಾಗೆ. ಆಮೇಲೆ ನನ್ನ ಕೈಯಿಂದ ವರದಿ ತೆಗೆದುಕೊಂಡು, ಬಿಚ್ಚದೆ, ಪ್ಲಾಸ್ಟಿಕ್ ಕವರಿಗೆ ಹಾಕಿ ಮಡಿಸಿದಳು.

"ಇರ್ಲಿ ಬುಡಿ ಅಕ್ಕ. ಈ ವರ್ಸ ಇಟ್ಕತೀನಿ. ದುಡ್ಡು ಓದ್ರೆ ಓಯ್ತದೆ."

ಕಳಲೆ ಕೊಟ್ಟು, ನಾಲ್ಕು ಗಂಟೆಯ ಬಸ್ಸಿಗೆ ಹೋದಳು. ಆ ಕಳಲೆಯನ್ನು ಪಲ್ಯ ಮಾಡಿದೆ, ತಿನ್ನಲು ಆಗಲಿಲ್ಲ.

ಅವಳಿಗೆ ಗೊತ್ತಾಯಿತೋ ಇಲ್ಲವೋ ಅನ್ನುವುದೇ ಆ ಇಡೀ ವರ್ಷ ನನ್ನನ್ನು ತಿಂದದ್ದು. ಗೆರೆ ಯಾವ ಜಾಗದಲ್ಲಿರುತ್ತದೆ ಅಂತ ಅವಳಿಗೆ ನಾನೇ ತೋರಿಸಿಕೊಟ್ಟಿದ್ದೆ. ಮನೆಗೆ ಹೋಗಿ ಬಿಚ್ಚಿ ನೋಡಿರುತ್ತಾಳೆ ಅಂತ ಒಂದು ದಿನ, ನನ್ನನ್ನು ನಂಬಿ ಅಟ್ಟಕ್ಕೆ ಎಸೆದಿರುತ್ತಾಳೆ ಅಂತ ಇನ್ನೊಂದು ದಿನ. ಗೌರಿ ಹಬ್ಬಕ್ಕೆ ಬಂದಳು, ಎಂದಿನಂತೆ ಬಾಗಿನ ಕೊಟ್ಟಳು, ಕಾಲಿಗೆ ನಮಸ್ಕಾರ ಮಾಡಿದಳು. ನಾನು ಅವಳ ಕಣ್ಣಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ. ಷೇರು ಏರುತ್ತಲೇ ಇತ್ತು. ವಿಚಿತ್ರವೆಂದರೆ ನನ್ನ ಹೊಟ್ಟೆಕಿಚ್ಚು ಷೇರನ್ನು ಬಿಟ್ಟು ಬೇರೆ ಕಡೆ ತಿರುಗಿತ್ತು. ಅವಳು ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳಲ್ಲ, ನನ್ನ ಹತ್ತಿರ ಮುಚ್ಚಿಡಬೇಕಾದ್ದು ಅವಳಿಗೆ ಏನೂ ಇಲ್ಲವಲ್ಲ ಅಂತ ಉರಿಯುತ್ತಿತ್ತು. ನೂರು ಷೇರು ಹೋದದ್ದಕ್ಕಿಂತ ಇದು ಜಾಸ್ತಿ ಸುಟ್ಟಿತು.

ಮುಂದಿನ ಮಳೆಗಾಲ ಬಂತು. ಇನ್ನು ಅವಳು ಬರುವುದಿಲ್ಲ, ಓದಿಸಲು ಬೇರೆ ಯಾರನ್ನಾದರೂ ಹುಡುಕಿಕೊಂಡಿರುತ್ತಾಳೆ ಅಂದುಕೊಂಡೆ. ಒಂದು ಭಾನುವಾರ ಬಾಗಿಲು ತಟ್ಟಿದ ಸದ್ದಾಯಿತು. ಅದೇ ಹಸಿರು ಸೀರೆ, ಒಂದು ಕೈಯಲ್ಲಿ ಕಳಲೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರು. ಕಾಲು ತೊಳೆದು ಬಂದು ನನ್ನ ಪಕ್ಕದಲ್ಲಿ ಕೂತಳು, ಎದುರಿಗಲ್ಲ. ವರದಿಯನ್ನು ತಾನೇ ನಡುವೆ ಬಿಚ್ಚಿ, ಇಬ್ಬರಿಗೂ ಕಾಣುವ ಹಾಗೆ ಇಟ್ಟಳು.

"ಓದಿ ಅಕ್ಕ."

ಗಿರಾಕಿ ಎಷ್ಟು ಅಂತ ಓದಿದೆ. ಬ್ಯಾಂಕಲ್ಲಿ ಎಷ್ಟು ಅಂತ ಓದಿದೆ. ಅವಳ ಬೆರಳು ಹಾಳೆಯ ಮೇಲೆ ಇಳಿದು ಬಂದು ಅಡ್ಡಗೆರೆಯ ಹತ್ತಿರ ನಿಂತಿತು.

"ಸಾಲ?"

"ಇಲ್ಲ" ಎಂದೆ.

ಬೆರಳು ಒಂದು ಅಂಗುಲ ಬಲಕ್ಕೆ ಸರಿದು ಪಕ್ಕದ ಕಾಲಮ್ಮಿಗೆ ಹೋಯಿತು. ಅಲ್ಲಿಯೂ ಒಂದು ಗೆರೆ. ಇಂಗ್ಲಿಷ್ ಓದಲು ಇಪ್ಪತ್ತು ವರ್ಷ ಕಲಿಸಿದವಳು ನಾನು, ಹೋದ ವರ್ಷದ ಅಂಕಿಯನ್ನು ಈ ವರ್ಷವೂ ಅಚ್ಚು ಹಾಕುತ್ತಾರೆ ಅನ್ನುವುದನ್ನು ಮರೆತಿದ್ದೆ.

"ಓದ್ ವರ್ಸದ್ದು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕಾಯುತ್ತಿದ್ದಳು.

ನೀರು ಕುಡಿದು ಬರುತ್ತೇನೆ ಅಂತ ಏಳಬಹುದಿತ್ತು. ಅವಳ ಬೆರಳು ಅಲ್ಲೇ ಇತ್ತು.

"ಹೋದ ವರ್ಷಾನೂ ಇರಲಿಲ್ಲ" ಎಂದೆ.

ಅವಳು ತಲೆಯಾಡಿಸಿ ಬೆರಳು ತೆಗೆದಳು. "ಸರಿ ಬುಡಿ. ಮುಂದಕ್ಕೆ ಓದಿ" ಎಂದಳು. ನಾನು ಮುಂದಕ್ಕೆ ಓದಿದೆ.