ಗೆರಟೆ ಅಡುಗೆಯೂ ಕಂಪ್ಯೂಟರ್ ಸರ್ಕ್ಯೂಟೂ

ನಮ್ಮ ಮನೆಯಲ್ಲಿ ಹಾಲು ಉಕ್ಕಿ, ಒಲೆ ಆರಿ, ಯಜಮಾನರು ಎದ್ದು ಬಂದು ಒರೆಸಿದ ಮೇಲೆ ನನಗೆ ಗೊತ್ತಾಗುತ್ತದೆ. ಆದರೆ ಸುಟ್ಟ ಐಸಿಯ ವಾಸನೆಯನ್ನು ಮಾತ್ರ ಪಕ್ಕದ ಕೋಣೆಯಿಂದಲೇ ಹಿಡಿಯಬಲ್ಲೆ. ಕಲ್ಕತ್ತೆಯ ವೃತ್ತಿ ತರಬೇತಿ ಶಾಲೆಯೊಂದರಲ್ಲಿ ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕಲಿಸಿ ನನ್ನ ಮೂಗಿಗೆ ಬಂದ ವಿದ್ಯೆ ಇದು.

ಆ ವರ್ಷ ವಾಸನೆಯ ಮೂಲ ರೆಹಾನಾ. ಊರಂಚಿನ ಗಾರ್ಡನ್ ರೀಚ್‌ನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುತ್ತಿದ್ದ ಹುಡುಗಿ. ಐಸಿ ಎಂದರೆ ಸಾಲುಗಾಲಿನ ಪುಟ್ಟ ಕಪ್ಪು ಹುಳದಂಥ ಎಲೆಕ್ಟ್ರಾನಿಕ್ ಚಿಪ್. ಅದನ್ನು ಉಲ್ಟಾ ಕೂರಿಸಿ ಸುಟ್ಟಾಗಲೆಲ್ಲ ಹಿಂದಿನ ಬೆಂಚಿನಿಂದ "ಇನ್ನೊಂದು ಹೆಣ ಬಿತ್ತು!" ಎಂಬ ಕೂಗು. ಕಡೆಗೆ ಅವಳು ವೈರನ್ನು ಪಕ್ಕದವರ ಕೈಗೆ ಕೊಟ್ಟು ದೂರ ನಿಲ್ಲತೊಡಗಿದಳು. ಪ್ರಾಕ್ಟಿಕಲ್ ಪಾಸಾದರೆ ಮೀಟರ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಕೆಲಸ ಸಿಗುವುದಿತ್ತು. ಫೇಲಾದರೆ ಇನ್ನೊಂದು ವರ್ಷ ಓದಿಸುವ ತಾಳ್ಮೆ ಅವಳ ಮನೆಯವರಿಗಿರಲಿಲ್ಲ.

ಅಷ್ಟರಲ್ಲಿ ಶಾಲೆಗೆ ಕಂಪ್ಯೂಟರ್ ಬಂದವು. ಪರದೆಯ ಮೇಲೇ ಐಸಿ ಇಟ್ಟು, ಮೌಸಿನಿಂದ ವೈರು ಎಳೆದರೆ ಪರದೆಯಲ್ಲೇ ದೀಪ ಹತ್ತುತ್ತದೆ! ಸಂಭ್ರಮದಿಂದ ಮನೆಯಲ್ಲಿ ಹೇಳಿದರೆ, ಬ್ಯಾಂಕಿನಿಂದ ಬಂದು ಚಹಾ ಕುಡಿಯುತ್ತಿದ್ದ ಯಜಮಾನರು, "ಸುಡುವುದೇ ಇಲ್ಲ ಅಂದರೆ ಎಂಥ ಕಲಿಕೆ ಮಾರಾಯ್ತಿ? ಬರೀ ಗೆರಟೆ ಅಡುಗೆ" ಎಂದರು.

ಬೈದರೋ ಹೊಗಳಿದರೋ! ಚಿಕ್ಕಂದಿನಲ್ಲಿ ನಮ್ಮೂರು ಉಡುಪಿಯ ಹಿತ್ತಲಲ್ಲಿ ತೆಂಗಿನ ಗೆರಟೆ ಚಿಪ್ಪಿನಲ್ಲಿ ಮರಳಿನ ಅನ್ನ, ದಾಸವಾಳದ ಎಲೆಯ ಸಾರು ಮಾಡದೆ ಅಡುಗೆ ಕಲಿತವರು ನಮ್ಮಲ್ಲಿ ಯಾರಿದ್ದಾರೆ? ಆ ಅನ್ನ ಒಮ್ಮೆಯೂ ಸೀದುಹೋದದ್ದಿಲ್ಲ. ಕೈಗೆ ಧೈರ್ಯ ಬಂದದ್ದೇ ಅಲ್ಲಿ.

ರೆಹಾನಾಳಿಗೂ ಬಂತು. ತಪ್ಪು ಜೋಡಿಸುವಳು, ಅಳಿಸುವಳು, ಮತ್ತೆ ಜೋಡಿಸುವಳು. ಕಂಪ್ಯೂಟರ್ ಹೆಣ ಎಣಿಸಲಿಲ್ಲ. ಲೋಡ್‌ಶೆಡ್ಡಿಂಗ್ ಆಗಿ ಪರದೆ ಕಪ್ಪಾದರೂ ಬೆರಳಿನಿಂದ ಮೇಜಿನ ಮೇಲೆ ವೈರು ಎಳೆಯುತ್ತಲೇ ಇರುವಳು.

ಪರೀಕ್ಷೆಯ ದಿನ ಕೆಂಪು ಬಾವುಟದ ಮೆರವಣಿಗೆಯಲ್ಲಿ ಸಿಕ್ಕಿಕೊಂಡು ಪರೀಕ್ಷಕರು ತಡವಾಗಿ, ಬೆವರಿಕೊಂಡು ಬಂದರು. ಎರಡು ಅಂಕಿ ಕೂಡಿಸುವ ಸರ್ಕ್ಯೂಟ್. ಈ ಸಲ ನಿಜವಾದ ಐಸಿ, ನಿಜವಾದ ವೈರು. ರೆಹಾನಾ ಚಕಚಕನೆ ಜೋಡಿಸಿ ಸ್ವಿಚ್ ಒತ್ತಿದಳು. ದೀಪ ಹತ್ತಲಿಲ್ಲ.

"ಏನಮ್ಮ, ಇಲ್ಲಿ ಮೌಸ್ ಇಲ್ಲವಲ್ಲ?" ಎಂದರು ಪರೀಕ್ಷಕರು.

ಬಾಗಿಲಲ್ಲಿ ನಿಂತಿದ್ದ ನನಗೆ ಬಾಯಿ ತೆರೆಯುವ ಹಾಗಿಲ್ಲ. ಅವಳು ಕಣ್ಣು ಮುಚ್ಚಿ, ಲೋಡ್‌ಶೆಡ್ಡಿಂಗಿನಲ್ಲಿ ಮಾಡುತ್ತಿದ್ದಂತೆ ಮೇಜಿನ ಮೇಲೆ ಬೆರಳಾಡಿಸಿದಳು. ಆಮೇಲೆ ನಕ್ಕೇಬಿಟ್ಟಳು. "ಸರ್, ಕಂಪ್ಯೂಟರ್‌ನಲ್ಲಿ ಐಸಿಗೆ ಕರೆಂಟು ತಾನಾಗಿಯೇ ಸಿಗುತ್ತಿತ್ತು. ಇಲ್ಲಿ ನಾನೇ ಕೊಡಬೇಕು!"

ಐಸಿಯ ತಲೆ ಯಾವ ಕಡೆ ಎಂದು ನೋಡಿಕೊಂಡು, ಮೂಲೆಯ ಎರಡು ಕಾಲಿಗೆ ಎರಡು ವೈರು ಸಿಕ್ಕಿಸಿದಳು. ದೀಪ ಕೆಂಪಗೆ ಹತ್ತಿತು. ಪರೀಕ್ಷಕರು ಯಾವ ಅಂಕಿ ಕೊಟ್ಟರೂ ಲೆಕ್ಕ ಸರಿ ಬಂತು. "ಪಾಸು" ಎಂದು ಅವರು ಹೇಳುವ ಮೊದಲೇ ಹಿಂದಿನ ಬೆಂಚು ಕೂಗಿತು: "ಹೆಣ ಎದ್ದು ಕೂತಿತು!"

ಆ ಸಂಜೆ ಅಡುಗೆಮನೆಯಿಂದಲೇ ಯಜಮಾನರಿಗೆ ಇದೆಲ್ಲ ವರ್ಣಿಸಿದೆ. "ಗೆರಟೆ ಅಡುಗೆ ಅಂದಿರಲ್ಲ? ಅದರಲ್ಲಿ ಕಲಿಯದೆ ಉಳಿಯುವುದು ಒಲೆ ಹಚ್ಚುವುದು ಒಂದೇ!"

"ಒಪ್ಪಿದೆ ಮಾರಾಯ್ತಿ. ಆದರೆ ಕುಕ್ಕರ್ ಯಾಕೆ ಇನ್ನೂ ಕೂಗಲಿಲ್ಲ?"

ಬಗ್ಗಿ ನೋಡಿದೆ. ರೆಹಾನಾಳ ಹಾಗೆಯೇ ನಕ್ಕು, ಬೆಂಕಿಪೊಟ್ಟಣ ಕೈಗೆತ್ತಿಕೊಂಡೆ.