ಮಗ್ಗಿ ಹುಡುಕಿದವರು

ಅವತ್ತು ಬೆಳಿಗ್ಗೆಯೂ ನಳದಲ್ಲಿ ನೀರು ಬಂದ ಸದ್ದಿಗೇ ಎದ್ದೆ. ಪೀಪಾಯಿ ತುಂಬಿಸಿ, ಹಾಲು ಕಾಯಿಸಿ, ಮಗಳ ಡಬ್ಬಿಗೆ ಚಪಾತಿ ಲಟ್ಟಿಸಲು ಕೂತೆ. ಹೊರಗೆ ಸಾತಪುರದ ಕಾರ್ಖಾನೆಗಳ ಮೊದಲ ಪಾಳಿಯವರ ಬೈಕುಗಳು ಹೊರಟಿದ್ದವು. ನನ್ನ ಯಜಮಾನರೂ ಒಂದು ಕಾಲಕ್ಕೆ ಅದೇ ಸಾಲಿನಲ್ಲಿದ್ದವರು. ಈಗ ಆ ಸದ್ದಿಗೆ ಕಂಪ್ಯೂಟರಿನಿಂದ ತಲೆ ಎತ್ತುತ್ತಿರಲಿಲ್ಲ. ಹೆಲ್ಮೆಟ್ಟು ಮಾತ್ರ ಬಾಗಿಲ ಹಿಂದಿನ ಮೊಳೆಗೆ ಹಾಗೆಯೇ ತೂಗುತ್ತಿತ್ತು. ದೂಳು ಕೂತಾಗ ನಾನು ಒರೆಸುತ್ತಿದ್ದೆ.

ಕಾರ್ಖಾನೆಯ ಡ್ರಾಯಿಂಗ್ ವಿಭಾಗ ಬಿಟ್ಟು ಅವರು ಫೋನಿಗೆ ಆ್ಯಪ್ ಮಾಡುತ್ತಿದ್ದರು. ಮಕ್ಕಳು ಕೇಳಿ ಕಲಿಯುವ ಮಗ್ಗಿಯ ಆ್ಯಪ್. ಮೊದಲು ಬಟನ್ ಫೋನಿಗೆ ಮಾಡಿದರು, ಪಾಳಿಯವರ ಕಿಸೆಯಲ್ಲೆಲ್ಲ ಅದೇ ಇತ್ತಲ್ಲ. ಮುಗಿಯುವಷ್ಟರಲ್ಲಿ ಅದೇ ಕಿಸೆಗಳಿಗೆ ಟಚ್ ಫೋನುಗಳು ಬಂದುಬಿಟ್ಟಿದ್ದವು. ಮತ್ತೆ ಮೊದಲಿನಿಂದ ಆಂಡ್ರಾಯ್ಡಿಗೆ ಬರೆದರು. ದನಿಗಳು ಮಾತ್ರ ಹಳೆಯವೇ: ಕನ್ನಡ ಅವರದು, ಇಂಗ್ಲಿಷ್ ನನ್ನದು, ಮರಾಠಿ ಮಗಳದು. ನಾನು ಕಾನ್ವೆಂಟಿನಲ್ಲಿ ಟೇಬಲ್ಸ್ ಕಲಿತವಳು, ಮಗಳಿಗೆ ಶಾಲೆಯಲ್ಲಿ ಅದು ಪಾಢೆ. ಮಗ್ಗಿ ಎನ್ನುವುದು ಅವರ ಧಾರವಾಡದ ಮನೆಯ ಮಾತು; ದೀಪ ಹಚ್ಚಿದ ಮೇಲೆ ಅವರಜ್ಜಿ ಸಾಲಾಗಿ ಕೂರಿಸಿ ಹೇಳಿಸುತ್ತಿದ್ದರಂತೆ.

ಆ್ಯಪ್ ಹಾಕಿ ತಿಂಗಳುಗಳಾದರೂ ನೆಂಟರನ್ನು ಬಿಟ್ಟರೆ ಅದನ್ನು ಇಳಿಸಿಕೊಂಡವರಿರಲಿಲ್ಲ. ಅಷ್ಟರಲ್ಲಿ ಅವರ ಹಳೆಯ ಸಾಹೇಬರು ಶೇಂದ್ರಾದ ಕಾರ್ಖಾನೆಯೊಂದಕ್ಕೆ ಕರೆದರು. ಅದಿರುವುದು ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿನ ಹತ್ತಿರ; ಆ ಊರು ಆಗ ನಮಗೆ ಔರಂಗಾಬಾದ್. ಮಗಳದು ಹತ್ತನೆಯ ತರಗತಿ, ಹೋದರೆ ಅವರೊಬ್ಬರೇ ಹೋಗಬೇಕು. ಅವತ್ತು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಆ್ಯಪ್ ಜನರ ಕಣ್ಣಿಗೆ ಬಿತ್ತೆಂಬ ಸಣ್ಣ ಗುರುತು ಸಿಕ್ಕರೂ ಸಾಕು, ಒಲ್ಲೆ ಎನ್ನುವುದೇ ಅವರ ಮನಸ್ಸು. ಅದಕ್ಕೇ ಆ ವಾರ ಅದರ ಉದ್ದನೆಯ ಇಂಗ್ಲಿಷ್ ಹೆಸರು ತೆಗೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಮಗ್ಗಿ’ ಎಂದಷ್ಟೇ ಇಟ್ಟಿದ್ದರು.

“ಏ, ಇಲ್ಲಿ ಬಾ! ನೋಡಿಲ್ಲೆ, ಎಷ್ಟ ಮಂದಿ ಇಳಿಸ್ಕೊಂಡಾರ!”

ಹಿಟ್ಟಿನ ಕೈಯಲ್ಲೇ ಓಡಿದೆ. ಸಂಖ್ಯೆ ನಿಜವಾಗಿಯೂ ಏರಿತ್ತು.

“ಸಾಹೇಬ್ರಿಗೆ ಒಲ್ಲೆ ಅಂತ ಹೇಳಿಬಿಡ್ತೀನಿ. ಏನಂತಿ?”

“ಮೊದಲ ಚಾ ಕುಡೀರಿ, ಆರಿ ಹೋಗ್ಲಿಕ್ಕತ್ತದ,” ಎಂದೆ. ಹೇಳುತ್ತ ನಾನೂ ನಗುತ್ತಿದ್ದೆ. ಒಲೆಯ ಮೇಲಿನ ಚಪಾತಿ ಕಪ್ಪಾದದ್ದು ವಾಸನೆ ಬಂದ ಮೇಲೆ ಗೊತ್ತಾಯಿತು.

ಮಧ್ಯಾಹ್ನ ಮಗಳು ಶಾಲೆಯಿಂದ ಬಂದು, ಬೂಟು ಬಿಚ್ಚದೆಯೇ ಫೋನು ಕೈಗೆತ್ತಿಕೊಂಡಳು. ಮೊದಲು ಕಿಸಕ್ಕನೆ ನಕ್ಕಳು. ಆಮೇಲೆ ಫೋನನ್ನು ಅವರ ಮುಂದೆ ಹಿಡಿದಳು.

“ಪಪ್ಪಾ, ಹೇ ಬಘಾ. ಮಂದಿ ಏನ್ ಬರದಾರ ಓದೀರೇನು? ‘ರೆಸಿಪಿ ಎಲ್ಲಿ ಅದ’ ಅಂತ ಕೇಳ್ಯಾರ.”

“ಎಂಥಾ ರೆಸಿಪಿ?”

“ನೂಡಲ್ಸಿಂದು. ಒಬ್ಬಾಕಿ ‘ಟೊಮೆಟೊ ಯಾವಾಗ ಹಾಕೋದು ಹೇಳೇ ಇಲ್ಲ’ ಅಂತ ಬರದಾಳ.” ನನ್ನ ಕಡೆ ನೋಡಿದಳು. “‘ತೆಗೆದ್ರ ಯಾವಾಕಿನೋ ಟೇಬಲ್ಸ್ ಓದ್ತಾಳ, ಬಕವಾಸ್’ ಅಂತ ಇನ್ನೊಬ್ರು. ಅಮ್ಮಾ, ಇದು ನೀ.”

ಐದರಲ್ಲಿ ಎಲ್ಲರೂ ಕೊಟ್ಟದ್ದು ಒಂದೇ ಚುಕ್ಕಿ. ಎರಡು ನಿಮಿಷದ ನೂಡಲ್ಸಿನ ಪೊಟ್ಟಣದ ಮೇಲಿರುವುದೂ ಅದೇ ಇಂಗ್ಲಿಷ್ ಅಕ್ಷರಗಳು. ಬಾಯಲ್ಲಿ ಹೇಳುವಾಗ ಅದೇ ಬೇರೆ, ಇದೇ ಬೇರೆ. ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

“ಮಗ್ಗಿ ಅಂದ್ರ ಮಗ್ಗಿ,” ಎಂದರು ಅವರು, ಯಾರೊಡನೆಯೋ ವಾದಿಸುವಂತೆ.

“ಪಾಢೆ ಅಂತ ಇಡ್ರಿ ಪಪ್ಪಾ.”

ಅವರು ಪಾಢೆ ಎಂದು ಹುಡುಕಿದರು. ಆ ಹೆಸರಿನವು ಒಂದರ ಕೆಳಗೊಂದು ಬಂದವು. ಹೆಬ್ಬೆರಳಿನಿಂದ ತಳ್ಳಿದಷ್ಟೂ ಬರುತ್ತಲೇ ಇದ್ದವು. “ಇಷ್ಟರ ಕೆಳಗ ನಮ್ಮದು ಯಾರು ನೋಡ್ತಾರ,” ಎಂದು ಫೋನನ್ನು ಮಗಳಿಗೆ ಕೊಟ್ಟರು. ಸ್ವಲ್ಪ ಹೊತ್ತಿಗೆ ಅದನ್ನೇ ಈಸಿಕೊಂಡು ಹೊರಗಿನ ಗ್ಯಾಲರಿಗೆ ಹೋಗಿ ನಿಂತರು. ಸೋಮವಾರ ಬರುತ್ತೇನೆಂದು ಸಾಹೇಬರಿಗೆ ಮರಾಠಿಯಲ್ಲಿ ಹೇಳುವುದು ಒಳಗೆ ಕೇಳಿಸಿತು. ಮಗಳು ಅಲ್ಲೇ ಕೂತು ಬೂಟಿನ ಲಾಡಿ ಬಿಚ್ಚುತ್ತಿದ್ದಳು, ಬಿಚ್ಚಿಯೇ ಬಿಚ್ಚಿದಳು.

ಒಳಗೆ ಬಂದವರು ನನಗೆ, “ನಿನ್ನ ದನಿ ಛೊಲೋನ ಬಂದದ. ಅವ್ರೇನರ ಅನ್ಲಿ,” ಎಂದರು. ನಾನು ಹಾಲಿನ ಪಾತ್ರೆ ತೊಳೆದೆ. ತೊಳೆದದ್ದೇ ಇತ್ತು ಅದು.

ಸಂಜೆ ಗಚ್ಚಿಯ ಮೇಲೆ ತಂತಿಯಿಂದ ಬಟ್ಟೆ ತೆಗೆಯುವಾಗ ಪಕ್ಕದ ಮನೆಯ ಕಾಕೂ ಬಂದರು. ತವರು ಸೊಲ್ಲಾಪುರವಾದ್ದರಿಂದ ನನ್ನೊಡನೆ ಮರಾಠಿ ಬೆರೆಸಿದ ಕನ್ನಡ ಆಡುವವರು.

“ಶೇಂದ್ರಾಕ್ಕ ಹೊಂಟಾರಂತ? ಒಬ್ರ?”

“ಹೌದ್ರಿ ಕಾಕೂ. ಇಕೀದು ದಹಾವೀ ಅದಲ್ಲ.”

“ಅಡಗಿ ಬರ್ತದೇನು ಅವ್ರಿಗೆ?”

“ಚಾ ಮಾಡ್ತಾರ್ರಿ.”

ಕಾಕೂ ಸೀರೆಯ ಅಂಚಿಗೆ ಅಂಚು ಕೂಡಿಸಿ ಮಡಚುತ್ತ ನಕ್ಕರು. “ಮತ್ತ ಕಾಯ್ ಚಿಂತಾ? ಆ ದೋನ್ ಮಿನಿಟದ ನೂಡಲ್ಸ್ ಅದಾವಲ್ಲ. ಹ್ಯಾಂಗ ಮಾಡೋದಂತ ಈಗ ಮೊಬೈಲ್‌ನಾಗ ಸುದ್ಧಾ ಬರ್ತದಂತ. ನೋಡ್ಕೊಂಡ ಮಾಡ್ಕೋತಾರ ತಗೋ.”