ಅಪ್ಪ ಬೇಡವೆಂದ ಕಿಟಕಿ

ಬೆಳಿಗ್ಗೆ ಎಳೆಬಿಸಿಲಿಗೆ ಕೂತುಕೊಳ್ಳಿ, ರಾತ್ರಿ ದೀಪ ಆರಿಸಿ ಮಲಗಿ ಎಂದು ಡಾಕ್ಟರು ಈಗ ಉಪದೇಶ ಮಾಡುತ್ತಾರೆ. ಕೇಳಿದರೆ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ. ಅಷ್ಟು ತಿಳಿದುಕೊಳ್ಳಲು ಉಮರ್ಗಾದ ನಮ್ಮ ಮನೆಯವರು ಗೋಡೆಯನ್ನೇ ಒಡೆಯಬೇಕಾಯಿತು.

ನಿಲಂಗಾದ ಹತ್ತಿರದ ಹಳ್ಳಿಯಲ್ಲಿ ನಮ್ಮ ಹಳೆಯ ಮನೆಯಿತ್ತು. ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಆಯಿ, ಅಂದರೆ ಅಪ್ಪನ ತಾಯಿ, ಗಡಿಯಾರದ ಕಡೆ ಕಣ್ಣೆತ್ತಿ ನೋಡಿದವಳಲ್ಲ. ನಸುಕಿನಲ್ಲೇ ಮಿಂದು, ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಕೂರುತ್ತಿದ್ದಳು. ಪೂಜೆ ಮುಗಿಯುವಷ್ಟರಲ್ಲಿ ಕಿಂಡಿಯಿಂದ ಬೆಳಕು ಇಳಿಯುತ್ತಿತ್ತು. ಬಿಸಿಲು ಒಳಕಲ್ಲಿಗೆ ಬಂದರೆ "ರೊಟ್ಟಿ ಬಡೀಲಿಕ್ಕ ಕೂಡ್ರವಾ" ಎನ್ನುವಳು, ಕಂಬ ದಾಟಿದರೆ "ಎಮ್ಮಿಗಿ ನೀರ ತೋರಸ್ರಿ" ಎನ್ನುವಳು. ಆ ಬಿಸಿಲಕೋಲಿನಲ್ಲಿ ಹಾರುತ್ತಿದ್ದ ಹಿಟ್ಟಿನ ಧೂಳು ಹಿಡಿಯಲು ನಾನು ಕೈಚಾಚಿ ಕುಣಿಯುತ್ತಿದ್ದೆ. ಅಂಥ ಮುಂಜಾವು ಈಗ ಕೇಳಿದರೂ ಸಿಗುವುದಿಲ್ಲ.

ಒಂದು ರಾತ್ರಿ ಆದ ಭೂಕಂಪದಲ್ಲಿ ಆ ಮಾಳಿಗೆ ನಮ್ಮ ಕಾಕಾನ ಮೇಲೆ ಬಿತ್ತು, ಅವನು ಉಳಿಯಲಿಲ್ಲ. ಕಾಕಾ ಅಪ್ಪನ ಒಬ್ಬನೇ ತಮ್ಮ. ಉಳಿದ ನಾವು ಹೊಲದಲ್ಲಿ ತಗಡಿನ ಶೆಡ್ ಹಾಕಿಕೊಂಡು ಕೆಲವು ವರ್ಷ ಕಳೆದೆವು. ಆಯಿ ದಿನವೂ ಮಗನನ್ನು ನೆನೆದು ಅಳುತ್ತಿದ್ದಳು. ಆದರೂ ಕತ್ತಲಾದರೆ ಮಲಗುತ್ತಿದ್ದಳು, ಕೋಳಿ ಕೂಗಿದರೆ ಏಳುತ್ತಿದ್ದಳು.

ಆಮೇಲೆ ತೊಗರಿಯ ವ್ಯಾಪಾರ ಕೈಹಿಡಿಯಿತು, ಅಪ್ಪ ಉಮರ್ಗಾದಲ್ಲಿ ಸಿಮೆಂಟಿನ ಮನೆ ಕಟ್ಟಿಸಲು ನಿಂತ. ಗೋಡೆ ಕಟ್ಟುವ ಗೌಂಡಿ ಕೇಳಿದ, "ಸಾವ್ಕಾರ್ರ, ಖಿಡಕಿ ಎಲ್ಲೆಲ್ಲಿ ಇಡೂನ್ರೀ?"

"ಖಿಡಕಿ ಗಿಡಕಿ ಏನೂ ಬ್ಯಾಡ. ತೂತ ಬಿದ್ದ ಗ್ವಾಡಿ ಕುಸೀತದ. ನಾ ಕಣ್ಣಾರೆ ನೋಡೀನಿ."

ಮನೆ ಎದ್ದಿತು, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಹಗಲು ಕತ್ತಲೆಂದು ಟ್ಯೂಬ್‌ಲೈಟ್ ಉರಿಯುತ್ತಿತ್ತು. ರಾತ್ರಿ ನೆಲ ನಡುಗಿದರೆ ಓಡಲು ಬಾಗಿಲು ಕಾಣಲಿ ಎಂದು ಅದೇ ಟ್ಯೂಬ್‌ಲೈಟ್ ಉರಿಯುತ್ತಿತ್ತು. ನೆಂಟರು ಬಂದು "ಕ್ವಾಟಿ ಕಟ್ಟೀರಿ ಬಿಡ್ರಿ" ಎಂದು ಕೋಟೆಗೆ ಹೋಲಿಸಿ ಹೊಗಳಿದರೆ ಅಪ್ಪನಿಗೆ ಹಿಗ್ಗೋ ಹಿಗ್ಗು.

ಒಳಗೇ ಇರುತ್ತಿದ್ದವಳು ಆಯಿ ಒಬ್ಬಳೇ. ಮೊಣಕಾಲು ನೋವಿಗೆ ಹೊಸ್ತಿಲು ದಾಟುತ್ತಿರಲಿಲ್ಲ. ಮೊದಲು ನಿದ್ದೆ ಕೆಟ್ಟಿತು. ಆಮೇಲೆ ಹೊತ್ತು ಕೆಟ್ಟಿತು. ಮಟಮಟ ಮಧ್ಯಾಹ್ನ ಮಿಂದು ವಿಭೂತಿ ಹಚ್ಚಿಕೊಂಡು, "ಬೆಳಗಾಗ್ಯಾದ, ಇನ್ನಾ ಒಲಿ ಹಚ್ಚಿಲ್ಲೇನ?" ಎಂದು ಅವ್ವನನ್ನು ಗದರುವಳು. ಊರೆಲ್ಲ ಮಲಗಿದಾಗ ಮೊಣಕಾಲು ನೋವನ್ನೂ ಮರೆತು ಬಾಗಿಲು ತೆಗೆದು ಬೀದಿಗೆ ಇಳಿಯುವಳು. ಕಡೆಗೆ ಅಪ್ಪನನ್ನೇ ಕಾಕಾ ಎಂದು ತಿಳಿದಳು. "ಸಣ್ಣಾಂವಾ, ಉಂಡೇನೋ?" ಎನ್ನುವಳು. ಅಪ್ಪ ತಲೆ ತಗ್ಗಿಸಿ, ಸತ್ತ ತಮ್ಮನಾಗಿ "ಹೂಂ ಎವ್ವಾ" ಎನ್ನುವನು.

ಓಣಿಯವರು ಗಾಳಿ ಸೋಕಿದೆ ಎಂದರು. ಅಪ್ಪ ಆಯಿಯ ಕೋಣೆಗೆ ಹೊರಗಿನಿಂದ ಹಾಕಲು ಕೀಲಿ ತಂದ.

ಅದೇ ಹೊತ್ತಿಗೆ ಉದಗೀರದ ಸೋದರಮಾವನ ಮನೆಯಲ್ಲಿ ಮದುವೆ ಬಂತು. ಆಯಿಯನ್ನು ಎತ್ತಿಕೊಂಡೇ ಜೀಪಿಗೆ ಹತ್ತಿಸಿದೆವು. ಅಲ್ಲಿ ಅಂಗಳದಲ್ಲಿ ಹಗ್ಗದ ಹೊರಸು ಹಾಕಿಕೊಟ್ಟರು. ಇಡೀ ದಿನ ಬಯಲಿನಲ್ಲೇ ಕೂತು ತೊಗರಿಬೇಳೆಯ ಹರಳು ಆರಿಸಿದಳು, ಹೆಂಗಸರ ಸೀರೆಗೆ ಹೆಸರಿಟ್ಟಳು. ನಾಲ್ಕು ದಿನ ಕಳೆಯುವಷ್ಟರಲ್ಲಿ ರಾತ್ರಿ ಗೊರಕೆ ಹೊಡೆಯತೊಡಗಿದಳು. ಮನೆಗೆ ಮರಳಿದ ಮೇಲೆ ಮತ್ತೆ ಹಳೇ ಹಾಡೇ ಶುರು.

ಅಪ್ಪ ಕೀಲಿ ಕೈಗೆತ್ತಿಕೊಂಡ ಸಂಜೆ ಅವ್ವ ಬಾಗಿಲಿಗೆ ಅಡ್ಡ ನಿಂತಳು. ಅಪ್ಪನಿಗೆ ಎದುರು ಮಾತಾಡಿದವಳೇ ಅಲ್ಲ ಅವಳು.

"ನಮ್ಮತ್ತೀಗಿ ಗಾಳೀನೂ ಸೋಕಿಲ್ಲ, ಏನೂ ಸೋಕಿಲ್ಲ. ಈ ಮನ್ಯಾಗ ಹಗಲ ಯಾವ್ದು, ರಾತ್ರಿ ಯಾವ್ದು, ಹೆಂಗ ತಿಳೀಬೇಕ್ರೀ ಆಕಿಗಿ? ಉದಗೀರದಾಗ ಬಿಸಿಲಾಗ ಕುಂತು ಶ್ಯಾಣ್ಯಾಕಿ ಆಗಿದ್ದಿಲ್ಲೇನು?"

"ಗ್ವಾಡಿ ಒಡದು, ನಾಳಿ ಬಿದ್ರ?"

"ಬಿದ್ದ ಗ್ವಾಡಿ ಒಬ್ಬನ್ನ ಒಯ್ದದ. ನಿಂತ ಗ್ವಾಡಿ ಇನ್ನೊಬ್ಬಾಕಿನ್ನ ಒಯ್ಲಿಕತ್ತದ. ನೀವ ನೋಡ್ರಿ."

ಅಪ್ಪ ಕೀಲಿಯನ್ನು ನೆಲಕ್ಕೆ ಒಗೆದು ಹೊರಗೆ ಹೋದ. ಮರುದಿನ ಗೌಂಡಿಯನ್ನು ಕರೆತಂದ.

ಆಯಿಯ ಕೋಣೆಯ ಮೂಡಣ ಗೋಡೆಯನ್ನು ಕಿಟಕಿಗಾಗಿ ಒಡೆಯುವಷ್ಟು ಹೊತ್ತೂ ಅಪ್ಪ ಆ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. "ಬೀಳಂಗಿಲ್ರೀ ಸಾವ್ಕಾರ್ರ, ಮ್ಯಾಲ ಕಬ್ಬಿಣದ ಬೀಮ್ ಕೂಡಸ್ತೀನಿ" ಎಂದು ಗೌಂಡಿ ಎಷ್ಟು ಹೇಳಿದರೂ ಕೈ ತೆಗೆಯಲಿಲ್ಲ. ಅಂದಿನಿಂದ ರಾತ್ರಿ ಟ್ಯೂಬ್‌ಲೈಟ್ ಆರಿಸಿದೆವು. ಅಪ್ಪ ಮಾತ್ರ ಬಾಗಿಲ ಬಳಿ ಬ್ಯಾಟರಿ ಹಿಡಿದುಕೊಂಡೇ ಮಲಗುತ್ತಿದ್ದ.

ಒಂದೇ ದಿನಕ್ಕೆ ಏನೂ ಸರಿಹೋಗಲಿಲ್ಲ. ಮೊದಮೊದಲು ಆಯಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬೈಯುತ್ತಿದ್ದಳು. ಬರಬರುತ್ತ ಮಧ್ಯಾಹ್ನದ ಸ್ನಾನ ನಿಂತಿತು, ಬೀದಿಗಿಳಿಯುವುದು ನಿಂತಿತು. ಹಬ್ಬ ಹತ್ತಿರವಾದ ಹಾಗೆ "ಹೋಳಿಗಿಗಿ ಬ್ಯಾಳಿ ತಂದಿರೇನು?" ಎಂದು ಅವಳೇ ಕೇಳಿದಳು. ನಮಗೆಲ್ಲ ಜೀವ ಬಂದ ಹಾಗಾಯಿತು.

ಒಂದು ಮುಂಜಾನೆ ಅಪ್ಪ ಚಹಾದ ಬಟ್ಟಲು ಹಿಡಿದು ಒಳಗೆ ಹೋದ. ಹಿಂದೆಯೇ ನಾನೂ ಹೋದೆ. ಆಯಿ ಪೂಜೆ ಮುಗಿಸಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು. ಅಪ್ಪನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು, ಬಹಳ ಹೊತ್ತು ನೋಡಿದಳು.

"ನೀ ದೊಡ್ಡಾಂವ," ಎಂದಳು. "ಸಣ್ಣಾಂವ ಮಾಳಿಗಿ ಕೆಳಗ ಹೋದ. ಹೌದಲ್ಲೋ?"

ಅಪ್ಪ ಬಟ್ಟಲನ್ನು ಕೆಳಗಿಟ್ಟ. "ಹೌದು ಎವ್ವಾ," ಎಂದ.

ಮಗ ಅಂದೇ ಸತ್ತನೆಂಬಂತೆ ಆಯಿ ಎದೆ ಬಡಿದುಕೊಂಡು ಅತ್ತಳು. ಭೂಕಂಪವಾದಂದಿನಿಂದ ಒಂದು ಹನಿ ಕಣ್ಣೀರೂ ಹಾಕದ ಅಪ್ಪ ಅವಳ ಮಡಿಲಲ್ಲಿ ತಲೆಯಿಟ್ಟು ತಾನೂ ಅತ್ತ.